ಕಾಂಬಿನೇಷನ್ ಪಂಡಿತರಿಗೊಂದು ಬಹಿರಂಗ ಪತ್ರ

ಎದುರುಮನೆ ಅಂಕಲ್, ಊರಿನ ಚಿಕ್ಕಪ್ಪ, ಫ್ಯಾಮಿಲಿ ಗ್ರೂಪಿನ ಅಡ್ಮಿನ್ ಮಾವ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತ ಹಿರಿಯರು ಇವರೇ ಮೊದಲಾದ ಸಮಸ್ತ ಹಿತೈಷಿಗಳ ಸನ್ನಿಧಾನಕ್ಕೆ, ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಗಳಿಗೆಯಿಂದ ಪಿಯು ಅಡ್ಮಿಷನ್ ಮುಗಿಯುವ ತನಕ ತಾವು ಪಡುವ ಪಾಡು ನನಗೆ ಗೊತ್ತು. ಮೂರು ವರ್ಷ ಪಾಠ ಹೇಳಿದ ನಾವು, ಯಾವ ಮಗುವಿಗೆ ಏನು ಒಗ್ಗೀತು ಎಂದು ಇನ್ನೂ ತಲೆ ಕೆರೆದುಕೊಳ್ಳುತ್ತಿರುತ್ತೇವೆ. ಅಷ್ಟರಲ್ಲಿ ತಾವು ಫೋನಿನಲ್ಲೇ "ಎಷ್ಟು ಬಂತು?" ಎಂದು ಕೇಳಿ ತೀರ್ಪು ಕೊಟ್ಟಾಗಿರುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರು ಕೂಡ ಒಮ್ಮೆ ಕೈಯಲ್ಲಿ ಹಿಡಿದು ನೋಡುತ್ತಾರೆ. ತಮಗೆ ಆ ಕಷ್ಟವೂ ಬೇಡ. ಶೇ. 90 ದಾಟಿದರೆ ಸೈನ್ಸ್, 70ರ ಆಚೀಚೆ ಕಾಮರ್ಸ್, ಅದಕ್ಕೂ ಕೆಳಗಾದರೆ "ಪಾಪ, ಆರ್ಟ್ಸ್". ಆ 'ಪಾಪ'ವೂ ಕೋರ್ಸಿನ ಹೆಸರಿನಲ್ಲೇ ಇದೆಯೆಂದು ನಮ್ಮ ಮಕ್ಕಳು ನಂಬಿಬಿಟ್ಟಿದ್ದಾರೆ.

ತಮ್ಮ ಲೆಕ್ಕಾಚಾರದ ಸೊಗಸನ್ನು ಎಷ್ಟು ಹೊಗಳಿದರೂ ಸಾಲದು. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಗಣಿತದ ಪಾಲು 100, ವಿಜ್ಞಾನದ್ದು 100. ಮಿಕ್ಕ 425 ಮೂರು ಭಾಷೆಗಳದ್ದು ಮತ್ತು ನನ್ನ ಬಡಪಾಯಿ ಸಮಾಜ ವಿಜ್ಞಾನದ್ದು. ಕನ್ನಡ, ಹಿಂದಿ, ಇತಿಹಾಸ, ಪೌರನೀತಿಯನ್ನು ಚೆನ್ನಾಗಿ ಓದಿದ್ದರಿಂದಲೇ ಒಟ್ಟು ಅಂಕ ಏರಿದ ಮಗುವನ್ನು, ಆ ಏರಿದ ಅಂಕವನ್ನೇ ಮುಂದಿಟ್ಟುಕೊಂಡು ಭೌತಶಾಸ್ತ್ರಕ್ಕೆ ಅಟ್ಟುವುದು ಸಾಮಾನ್ಯ ಬುದ್ಧಿಗೆ ಹೊಳೆಯುವ ಉಪಾಯವಲ್ಲ.

ಕಳೆದ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳ ಮನೆಯವರ ಜತೆ ಅಡ್ಮಿಷನ್ ಕೌಂಟರಿನ ಮುಂದೆ ನಿಂತಿದ್ದೆ. ಅವಳಿಗೆ ಬಂದದ್ದು 581. ಕನ್ನಡದಲ್ಲಿ 125, ಸಮಾಜ ವಿಜ್ಞಾನದಲ್ಲಿ 100, ಗಣಿತದಲ್ಲಿ 82, ವಿಜ್ಞಾನದಲ್ಲಿ 79. ಕ್ಲರ್ಕು ಅರ್ಜಿ ಎಳೆದುಕೊಂಡು "ಕಾಂಬಿನೇಷನ್?" ಅಂದರು. "ಪಿಸಿಎಂಬಿ" ಅಂದರು ಅಪ್ಪ, ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. "ಪಿಸಿಎಂಸಿ ಬರೆಸಿ ಭಾವ, ಕಂಪ್ಯೂಟರ್ ಇದ್ರೆ ಕೆಲ್ಸ ಗ್ಯಾರಂಟಿ" ಅಂದರು ಸೋದರಮಾವ. ಹಿಂದೆ ಸಾಲಿನಲ್ಲಿದ್ದ ಯಾರೋ ಪುಣ್ಯಾತ್ಮರು ಕತ್ತು ಚಾಚಿ, "ಬಯಾಲಜಿ ಬಿಡ್ಬೇಡಿ ಸಾರ್, ಎರಡೂ ಕಡೆಗಾಗುತ್ತೆ" ಅಂದರು. ಹುಡುಗಿ ಅಂಕಪಟ್ಟಿಯ ಪ್ಲಾಸ್ಟಿಕ್ ಕವರಿನ ಮೂಲೆಯನ್ನು ಉಗುರಿನಲ್ಲಿ ಸುಲಿಯುತ್ತ ನಿಂತಿದ್ದಳು. ಕ್ಲರ್ಕು ಅವಳನ್ನು ಕೇಳಿದ್ದು ಒಂದೇ ಮಾತು: "ಆಧಾರ್ ಜೆರಾಕ್ಸ್ ತಂದಿದೀಯೇನಮ್ಮ?"

ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಆ 'ಎರಡೂ ಕಡೆ'ಯ ಮಹಿಮೆಯನ್ನೂ ಸ್ವಲ್ಪ ಹಾಡಬೇಕು. ನೀಟ್‌ಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಕೂರುತ್ತಾರೆ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇರುವುದು ಒಂದು ಲಕ್ಷ ಚಿಲ್ಲರೆ. ಅಲ್ಲಿ 720 ಅಂಕಗಳಲ್ಲಿ ಅರ್ಧ ಜೀವಶಾಸ್ತ್ರಕ್ಕೆ, ಗಣಿತಕ್ಕೆ ಒಂದೂ ಇಲ್ಲ. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಗಣಿತ ಬೇಕು, ಜೀವಶಾಸ್ತ್ರ ಬೇಡ. ಜತೆಗೆ ಪಿಯುಸಿ ಬೋರ್ಡ್ ಪರೀಕ್ಷೆಯ ಅಂಕಕ್ಕೂ ಅಲ್ಲಿ ಅರ್ಧ ಪಾಲು. ಎರಡನ್ನೂ ಹೊತ್ತ ಮಗು ಬೆಳಗಿನ ಐದಕ್ಕೆದ್ದು ಕೋಚಿಂಗಿಗೆ ಓಡುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಾದರೆ ಇದೆಲ್ಲವನ್ನೂ ಜೂನ್ ತಿಂಗಳಿಂದ ಇಂಗ್ಲಿಷಿನಲ್ಲಿ ಅರಗಿಸಿಕೊಳ್ಳಬೇಕು. ಆದರೇನಂತೆ, ಫಲಿತಾಂಶದ ವಾರ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ನಗುವ ಮುಖಗಳಿಗೇನೂ ಬರವಿಲ್ಲ. ಮಿಕ್ಕವರ ಫೋಟೋ ಹಾಕುವಷ್ಟು ಬಟ್ಟೆ ಯಾವ ಪ್ರಿಂಟಿಂಗ್ ಅಂಗಡಿಯಲ್ಲೂ ಸಿಗುವುದಿಲ್ಲ.

ಭಾಷೆಯ ವಿಷಯದಲ್ಲೂ ತಮ್ಮ ಕೃಪೆ ದೊಡ್ಡದು. ಹೈಸ್ಕೂಲಿನಲ್ಲಿ ಸಂಸ್ಕೃತದ ಗಂಧಗಾಳಿ ಇಲ್ಲದ ಮಗುವನ್ನೂ ಪಿಯುಸಿಯಲ್ಲಿ "ಸಂಸ್ಕೃತ ತಗೊಳ್ಳೋ, ನೂರಕ್ಕೆ ನೂರು" ಎಂದು ಹುರಿದುಂಬಿಸುತ್ತೀರಿ. ಕಾಳಿದಾಸನ ಮೇಲಿನ ಪ್ರೀತಿಯೇ ಇರಬೇಕು.

ಆರ್ಟ್ಸ್ ಬಗ್ಗೆ ತಮ್ಮ ನಿಲುವಂತೂ ನನ್ನನ್ನು ಮೂಕನನ್ನಾಗಿಸಿದೆ. ಹದಿನಾರನೇ ವಯಸ್ಸಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ದಡ್ಡರ ಪಾಲು. ಅದೇ ಮಗು ಬಿಇ ಮುಗಿಸಿ ಇಪ್ಪತ್ತಮೂರಾದಾಗ, ಐಎಎಸ್, ಕೆಎಎಸ್ ಮಾಡಲೆಂದು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಪಿಜಿ ಹಿಡಿದು, ಸಾಲ ಮಾಡಿ ಫೀಸು ಕಟ್ಟಿ ಓದುವುದು ಏನನ್ನು? ಇತಿಹಾಸ, ಅರ್ಥಶಾಸ್ತ್ರ, ಸಂವಿಧಾನ. ಸರ್ಕಾರಿ ಕಾಲೇಜಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ವಿಷಯವನ್ನು ಏಳು ವರ್ಷ ತಡವಾಗಿ, ದುಬಾರಿಗೆ ಕೊಳ್ಳುವುದರಲ್ಲಿ ಒಂದು ಘನತೆ ಇದೆ, ಒಪ್ಪಿದೆ.

ಇನ್ನು ಕೆಲವು ಪುಡಿ ಸಂಗತಿಗಳು, ತಮ್ಮ ಗಮನಕ್ಕೆ ತರಲು ಸಂಕೋಚವಾಗುತ್ತದೆ. ಬಾಗಿಲು ಸುಲಭವಾಗಿ ತೆರೆಯದಿರುವುದು ಮುಖ್ಯವಾಗಿ ಎರಡು ಕಡೆ: ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಗಣಿತ ಮತ್ತು ಭೌತಶಾಸ್ತ್ರ ಬಿಟ್ಟರೆ ಎಂಜಿನಿಯರಿಂಗ್. ಕಾನೂನು ಓದಲು, ಸಿಎ ಫೌಂಡೇಷನ್ ಬರೆಯಲು, ನಾಗರಿಕ ಸೇವೆಗೆ ಹೋಗಲು ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ಇದ್ದರೂ ನಡೆಯುತ್ತದೆ. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಖುಷಿಪಡುವ ಹುಡುಗ ಎಸ್ಸೆಸ್ಸೆಲ್ಸಿಯಾದ ಮೇಲೆ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಪಿಯು ವಿಷಯಪಟ್ಟಿಯಲ್ಲಿ ಭೂಗರ್ಭಶಾಸ್ತ್ರ, ಮನಃಶಾಸ್ತ್ರ, ತರ್ಕಶಾಸ್ತ್ರ, ಐಚ್ಛಿಕ ಕನ್ನಡ, ಹಿಂದೂಸ್ತಾನಿ ಸಂಗೀತವೂ ಇವೆ. ಹಟ್ಟಿಯ ಚಿನ್ನ, ಸಂಡೂರಿನ ಅದಿರು ಇರುವ ನಾಡಿನಲ್ಲಿ ಭೂಗರ್ಭಶಾಸ್ತ್ರ ಎಂಬ ಹೆಸರನ್ನು ಒಂದು ಮಗುವಿನ ಕಿವಿಗೂ ತಾವು ಹಾಕಿದ್ದನ್ನು ನಾನು ಕಾಣೆ. ಮಕ್ಕಳ ಮನಸ್ಸು ಚಂಚಲವಾಗಬಾರದೆಂಬ ಮುಂದಾಲೋಚನೆ ಇರಬೇಕು.

ಹೊಗಳಿಕೆ ಸಾಕು. ನನ್ನದೊಂದು ಅರಿಕೆ ಇದೆ. ಮುಂದಿನ ಮೇ ತಿಂಗಳಲ್ಲಿ ಸಲಹೆ ಕೊಡಲು ಬಾಯಿ ತೆರೆಯುವ ಮೊದಲು ಅಂಕಪಟ್ಟಿಯ ಕೊನೆಯ ಸಾಲನ್ನು ಬಿಟ್ಟು ಮೇಲಿನ ಆರು ಸಾಲುಗಳನ್ನು ಓದಿ. ಹತ್ತನೇ ತರಗತಿಯಲ್ಲಿ ಒಂದೇ ವಿಷಯವಾಗಿದ್ದ ವಿಜ್ಞಾನ ಪಿಯುಸಿಯಲ್ಲಿ ಮೂರು ವಿಷಯವಾಗಿ ಒಡೆಯುತ್ತದೆ, ಅದರಲ್ಲಿ ಮಗುವಿಗೆ ಹಿಡಿಸಿದ್ದು ಯಾವುದೆಂದು ವಿಜ್ಞಾನದ ಮೇಷ್ಟ್ರನ್ನು ಕೇಳಿ. ಪ್ರಥಮ ಪಿಯುಸಿಯ ಭೌತಶಾಸ್ತ್ರ, ಲೆಕ್ಕಶಾಸ್ತ್ರ, ಇತಿಹಾಸದ ಪುಸ್ತಕಗಳನ್ನು ಯಾರಿಂದಲಾದರೂ ಎರವಲು ತಂದು ಒಂದು ವಾರ ಮಗುವಿನ ಮುಂದಿಡಿ. ಯಾವುದನ್ನು ತಾನಾಗಿ ತೆರೆಯುತ್ತದೆ, ಯಾವುದರ ಮೇಲೆ ತಲೆಯಿಟ್ಟು ನಿದ್ದೆಹೋಗುತ್ತದೆ ನೋಡಿ. ಆಮೇಲೆ ದೊಡ್ಡವರು ಯಾರೂ ಪಕ್ಕದಲ್ಲಿಲ್ಲದಾಗ, ನಿನಗೇನು ಇಷ್ಟ ಎಂದು ಕೇಳಿ, ಅದು ಉತ್ತರ ಕೊಡುವ ತನಕ ಕಾಯಿರಿ.

ಫೀಸು ಕಟ್ಟುವವರು ಅಪ್ಪ ಅಮ್ಮ, ಸಲಹೆ ಕೊಡುವವರು ತಾವು. ಎರಡು ವರ್ಷ ಆ ಬೆಂಚಿನ ಮೇಲೆ ಕೂತು, ಆ ಪುಸ್ತಕ ಓದಿ, ಆ ಪರೀಕ್ಷೆ ಬರೆಯಬೇಕಾದದ್ದು ಮಗು. ಅರ್ಜಿಯ 'ಕಾಂಬಿನೇಷನ್' ಎಂಬ ಆ ಒಂದು ಕಾಲಮ್ಮನ್ನು ಅದರ ಕೈಯಲ್ಲೇ ತುಂಬಿಸಿ.

ಇಂತಿ ತಮ್ಮ ವಿಧೇಯ,
ಸಮಾಜ ವಿಜ್ಞಾನದ ಮೇಷ್ಟ್ರು