ಹೆಬ್ಬಾವಿಗೆ ಉಪಚಾರ

ಹಾವು ಊಟ ಬಿಟ್ಟರೆ ಏನು ಮಾಡಬೇಕು ಎಂದು ನಮ್ಮ ತೀರ್ಥಹಳ್ಳಿ ಕಡೆ ಯಾರೂ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ. ಹಾವು ಮನೆಯೊಳಗೆ ಬಂದರೆ ಏನು ಮಾಡಬೇಕು, ಕಚ್ಚಿದರೆ ಎಲ್ಲಿಗೆ ಓಡಬೇಕು, ಕನಸಿನಲ್ಲಿ ಕಂಡರೆ ಯಾವ ದೇವಸ್ಥಾನಕ್ಕೆ ಹರಕೆ ಹೊರಬೇಕು, ಇದಕ್ಕೆಲ್ಲ ನಮ್ಮಲ್ಲಿ ಉತ್ತರ ಸಿದ್ಧವಿದೆ. ಅಟ್ಟದಲ್ಲಿ ಕೆರೆಹಾವು ಓಡಾಡಿದರೆ ಇಲಿಕಾಟ ತಪ್ಪಿತು ಎಂದು ಸುಮ್ಮನಿರುತ್ತೇವೆ. ಅದಕ್ಕೆ ಇವತ್ತು ಊಟವಾಯಿತೋ ಇಲ್ಲವೋ ಎಂದು ಯಾರೂ ನಿದ್ದೆಗೆಟ್ಟದ್ದಿಲ್ಲ. ಅಂಥ ಊರಿನವಳಾದ ನಾನು ಅಮೆರಿಕದ ಒಹಾಯೋದಲ್ಲಿ, ಮಗಳ ಮನೆಯ ಸೋಫಾದ ಮೇಲೆ ಕೂತು, ಒಂದು ಹೆಬ್ಬಾವು ಅನ್ನ ಬಿಟ್ಟಿದೆ ಎಂಬ ಚಿಂತೆಯಲ್ಲಿ ಪಾಲುಗೊಳ್ಳಬೇಕಾಗಿ ಬಂತು. ಅನ್ನ ಎಂದದ್ದು ಮಾತಿನ ಅಭ್ಯಾಸ. ಅದು ಬಿಟ್ಟದ್ದು ಇಲಿಯನ್ನು.

ಹಾವಿನ ಹೆಸರು ನೂಡಲ್. ಇಟ್ಟವನು ಹನ್ನೊಂದು ವರ್ಷದ ಮೊಮ್ಮಗ. ಶೇಷ, ವಾಸುಕಿ, ತಕ್ಷಕ ಎಂದು ಪುರಾಣದ ತುಂಬ ಹೆಸರು ಬಿದ್ದಿರುವಾಗ ಈ ತಿಂಡಿಯ ಹೆಸರೇಕೋ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ, "ಅಜ್ಜ, ತಕ್ಷಕ ಬ್ಯಾಡ್ ಗೈ" ಎಂದುಬಿಟ್ಟ. ಪರೀಕ್ಷಿತನ ಕಥೆಯನ್ನು ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟವರು ಇವರೇ ಆದ್ದರಿಂದ ಮುಂದೆ ಮಾತಾಡಲಿಲ್ಲ.

ನೂಡಲ್ ಬಾಲ್ ಪೈಥಾನ್ ಜಾತಿಯದು. ಘಾನಾ, ಟೋಗೋ, ಬೆನಿನ್ ಎಂಬ ಪಶ್ಚಿಮ ಆಫ್ರಿಕದ ದೇಶಗಳ ಹಾವು. ಹೆಬ್ಬಾವೆಂದರೆ ಕುರಿ ನುಂಗುವಂಥದ್ದು ಎಂದುಕೊಂಡು ಹೆದರಿಕೊಂಡೇ ವಿಮಾನ ಹತ್ತಿದ್ದೆ. ಇದು ನಾಲ್ಕಡಿ ದಾಟಿದರೆ ದೊಡ್ಡದು. ಹೆದರಿದರೂ ಕಚ್ಚುವುದು ಅಪರೂಪ. ತಲೆಯನ್ನು ನಡುವೆ ಹುದುಗಿಸಿ ಉಂಡೆಯಾಗಿ ಸುತ್ತಿಕೊಂಡುಬಿಡುತ್ತದೆ. ಬಾಲ್ ಎಂಬ ಹೆಸರು ಬಂದದ್ದು ಅದರಿಂದ. ಬೆನಿನ್‌ನ ವಿದಾ ಎಂಬ ಊರಿನಲ್ಲಿ ಈ ಹಾವುಗಳಿಗೇ ಒಂದು ದೇವಸ್ಥಾನವಿದೆಯಂತೆ. ರಾತ್ರಿ ಅವು ಹೊರಬಿದ್ದು ಊರವರ ಮನೆಗಳಿಗೆ ಹೋಗಿ ಇಲಿ ಹಿಡಿಯುತ್ತವೆ, ಬೆಳಗ್ಗೆ ಕಂಡವರು ಎತ್ತಿಕೊಂಡು ಬಂದು ಗುಡಿಗೆ ಮುಟ್ಟಿಸುತ್ತಾರೆ. ಇದನ್ನು ಅಳಿಯ ಹೇಳಿದ ಮೇಲೆ ನಾನು ಗಾಜಿನ ಪೆಟ್ಟಿಗೆಯ ಮುಂದೆ ಹಾದುಹೋಗುವಾಗ ಒಂದು ಸಲ ಕೈಮುಗಿಯತೊಡಗಿದೆ. ಖರ್ಚೇನು?

ಆಯಸ್ಸಿನ ವಿಚಾರ ಮಾತ್ರ ಮಗಳಿಗೆ ಹಿಡಿಸಿದ್ದಲ್ಲ. ಸಾಕಿದ ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು 2020ರಲ್ಲಿ ಏಳು ಮೊಟ್ಟೆ ಇಟ್ಟಾಗ ಅದಕ್ಕೆ 60 ದಾಟಿತ್ತು, ಗಂಡುಹಾವಿನ ಮುಖ ನೋಡಿ ಹದಿನೈದು ವರ್ಷಕ್ಕೂ ಹೆಚ್ಚಾಗಿತ್ತು. ಮಗ ಕಾಲೇಜಿಗೆ, ಆಮೇಲೆ ಕೆಲಸಕ್ಕೆ, ಆಮೇಲೆ ಹೆಂಡತಿಯ ಜೊತೆ ಬೇರೆ ಮನೆಗೆ ಹೋದ ಮೇಲೂ ಈ ಪೆಟ್ಟಿಗೆ ತನ್ನ ಕೊರಳಿಗೇ ಎಂದು ಅವಳು ಆಗಲೇ ಲೆಕ್ಕ ಹಾಕಿಟ್ಟಿದ್ದಳು.

ಇನ್ನು ಅದರ ಆಹಾರ. ಮೂರು ತಲೆಮಾರಿನಿಂದ ಈರುಳ್ಳಿಯನ್ನೂ ಅನುಮಾನದಿಂದ ನೋಡಿದ ಮನೆ ನಮ್ಮದು. ಮಗಳ ಮನೆಯ ಫ್ರೀಜರಿನಲ್ಲಿ ಇಂಡಿಯನ್ ಸ್ಟೋರಿನ ತೆಂಗಿನತುರಿಯ ಪ್ಯಾಕೆಟ್ಟು, ಹಸಿ ಬಟಾಣಿ, ಅವರೆಕಾಳು. ಚಟ್ನಿಗೆಂದು ಕೈಹಾಕಿದಾಗ ಪಕ್ಕದಲ್ಲೇ ಇನ್ನೊಂದು ಪೊಟ್ಟಣ ಸಿಕ್ಕಿತು. ಒಳಗೆ ಮೂರು ಬಿಳಿ ಇಲಿ, ಬಾಲಸಮೇತ, ಸಾಲಾಗಿ ಮಲಗಿದ್ದವು. ನಾನು ಏನು ಕೂಗಿದೆ ಎಂಬುದು ಬೇಡ. ಸಂಜೆಯೊಳಗೆ ಅಳಿಯ ಗ್ಯಾರೇಜಿಗೆ ಪುಟ್ಟದೊಂದು ಫ್ರೀಜರ್ ತಂದಿಟ್ಟ. ಅಳಿಯನ ಬಗ್ಗೆ ನಾನು ಒಳ್ಳೆಯ ಮಾತಾಡುವುದಕ್ಕೆ ಇದೂ ಒಂದು ಕಾರಣ.

ಸತ್ತ ಇಲಿಯೇ ಏಕೆ ಎಂದರೆ, ಜೀವಂತ ಇಲಿ ಸುಮ್ಮನಿರುವುದಿಲ್ಲ. ಹಸಿವಿಲ್ಲದ ಹಾವಿನ ಜೊತೆ ಅದನ್ನು ಪೆಟ್ಟಿಗೆಯಲ್ಲಿ ಬಿಟ್ಟರೆ ಹಾವನ್ನೇ ಕಚ್ಚಿ ಹರಿದುಹಾಕುತ್ತದೆ. ಹಾಗಾಗಿ ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಇಲಿ ಸಿಗುತ್ತದೆ, ಅಳತೆಗೆ ತಕ್ಕಂತೆ. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಷ್ಟೇ ದಪ್ಪದ ಇಲಿ ಆಗಬೇಕು. ಹಿಂದಿನ ದಿನವೇ ಅದನ್ನು ಕೆಳಗಿನ ಫ್ರಿಜ್ಜಿಗೆ ಇಳಿಸಿ, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಮುಳುಗಿಸಿ, ಬದುಕಿರುವ ಇಲಿಯ ಮೈಬಿಸಿ ಬರಿಸಬೇಕು. ಮೈಕ್ರೋವೇವಿಗೆ ಮಾತ್ರ ಹಾಕಲೇಬಾರದು, ಸಿಡಿಯುತ್ತದೆ. ಕೊನೆಗೆ ಹೇರ್ ಡ್ರೈಯರ್. ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಸಣ್ಣ ಕುಳಿಗಳಿವೆ. ಕತ್ತಲೆಯಲ್ಲಿ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಅದು ಅವುಗಳಿಂದಲೇ ಕಾಣುತ್ತದೆ. ಆದ್ದರಿಂದ ಇಲಿಯ ತಲೆ ಉಳಿದ ಮೈಗಿಂತ ಒಂದು ಗುಲಗಂಜಿ ಹೆಚ್ಚು ಬೆಚ್ಚಗಿರಬೇಕು. ಅಳಿಯ ಬಾತ್‌ರೂಮಿನಲ್ಲಿ ನಿಂತು, ಎಣ್ಣೆನೀರು ಹಾಕಿದ ಕೂಸಿನ ತಲೆ ಒಣಗಿಸುವ ಹಾಗೆ, ಆ ಇಲಿಯ ನೆತ್ತಿಗೆ ಬಿಸಿಗಾಳಿ ಹಿಡಿಯುತ್ತಿದ್ದ. ನನ್ನ ಮಗಳಿಗೆ ಬಾಣಂತನದಲ್ಲೂ ಇಷ್ಟು ಸೇವೆ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಿದರೆ, ನೂಡಲ್ ಮೂಸಿಯೂ ನೋಡಲಿಲ್ಲ. ನಾಲಗೆಯನ್ನು ಎರಡು ಸಲ ಹೊರಗೆ ಹಾಕಿತು, ಮುಖ ತಿರುಗಿಸಿತು, ಹೋಯಿತು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರ ಜಪ್ಪಯ್ಯ ಎಂದರೂ ಗೂಡಿನಿಂದ ಹೊರಗೇ ಬರಲಿಲ್ಲ. ಮೊಮ್ಮಗ ತಾನೂ ಊಟ ಬಿಡುವ ಲಕ್ಷಣ ಕಂಡಿತು.

ಬಾಯಿ ಬೇಡವೆಂದರೂ ಬಡಿಸುವುದು ನಮ್ಮ ಮನೆತನದ ವಿದ್ಯೆ. ಎಲೆಯ ಮೇಲೆ ಅಡ್ಡ ಕೈ ಹಿಡಿದವರ ಬೆರಳ ಸಂದಿಯಿಂದ ಪಾಯಸ ಇಳಿಸಿದವಳು ನನ್ನ ಅತ್ತೆ. ನಾನು ಅವರ ಕೈಕೆಳಗೆ ತಯಾರಾದವಳು. ಒಂದು ಜೀವ ಉಣ್ಣದೆ ಮಲಗಿದೆ ಎಂದರೆ ನನಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಬಾಯಿ ತೆರೆದು ತುರುಕಿದರೆ ಆಗದೇನೋ ಎಂದು ಕೇಳಿಯೂಬಿಟ್ಟೆ. ಊರಿಗೆ ಫೋನ್ ಮಾಡಿದರೆ ತಂಗಿ, "ಎಂತ ಮಾರಾಯ್ತಿ, ಕುಕ್ಕೆಗೆ ಒಂದು ಹರಕೆ ಹೇಳ್ಕ" ಎಂದಳು. ಒಂದು ಬಟ್ಟಲು ಹಾಲಿಟ್ಟು ನೋಡಿ ಎಂದು ನಮ್ಮ ಮನೆಯವರು ಸಲಹೆ ಕೊಟ್ಟರು. ಮೊಮ್ಮಗ ಗಂಭೀರವಾಗಿ, ಹಾಲು ಇರುವುದು ಮೊಲೆಯುಣಿಸುವ ಪ್ರಾಣಿಗಳಿಗೆ, ಹಾವಿಗೆ ಅದನ್ನು ಅರಗಿಸಿಕೊಳ್ಳುವುದಕ್ಕೆ ಬರುವುದಿಲ್ಲ ಎಂದು ಅಜ್ಜನಿಗೆ ಪಾಠ ಮಾಡಿದ. ಹಾಗಾದರೆ ಇಷ್ಟು ವರ್ಷ ಹುತ್ತಕ್ಕೆ ಎರೆದದ್ದು ಯಾರು ಕುಡಿದರು ಎಂದು ಇವರು. ಇರುವೆ ಎಂದ ಅವನು.

ಕಡೆಗೆ ಹಾವು, ಹಲ್ಲಿ, ಗಿಳಿಗಳನ್ನೇ ನೋಡುವ ಒಬ್ಬ ಪಶುವೈದ್ಯೆಯ ಹತ್ತಿರ ಹೋದೆವು. ನೂಡಲ್‌ನನ್ನು ದಿಂಬಿನ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೊಂಡೊಯ್ದದ್ದು. ಹೊರಗೆ ಹಿಮ ಬೀಳುತ್ತಿದ್ದರಿಂದ ಕಾರು ಮೊದಲೇ ಬೆಚ್ಚಗಾಗಿರಬೇಕಿತ್ತು. ಆಕೆ ಬಾಯಿ ತೆರೆಸಿ ಒಸಡು ಕೆಂಪಾಗಿದೆಯೇ, ಕೀವು ಇದೆಯೇ ನೋಡಿದರು. ಉಸಿರಿಗೆ ಕಿವಿಗೊಟ್ಟು ಗೊರಗೊರ ಇಲ್ಲ ಎಂದರು. ಹುಳ ಇದ್ದೀತೆಂದು ಹಿಕ್ಕೆಯ ಪರೀಕ್ಷೆಗೆ ಬರೆದರು. ತೂಕ ನೋಡಿದರು, ಮೊಮ್ಮಗ ಬರೆದಿಟ್ಟ ಹಳೆಯ ತೂಕದ ಜೊತೆ ಹೋಲಿಸಿದರು. ಇಳಿದದ್ದು ಏನೂ ಇಲ್ಲವೆನ್ನುವಷ್ಟು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ ಮತ್ತೆ ಬನ್ನಿ, ಅಲ್ಲಿಯವರೆಗೆ ಬಾಯಿಗೆ ಬಲವಂತವಾಗಿ ತುರುಕುವ ಯೋಚನೆ ಯಾರೂ ಮಾಡಬೇಡಿ, ಹೆದರಿ ಕಕ್ಕಿಬಿಡುತ್ತದೆ, ಗಂಟಲಿಗೆ ಗಾಯವಾಗುತ್ತದೆ ಎಂದರು. ಹೇಳುವಾಗ ನನ್ನ ಕಡೆ ಏಕೆ ನೋಡಿದರೋ.

ಈ ಜಾತಿ ಊಟ ಬಿಡುವುದರಲ್ಲಿ ಹೆಸರುವಾಸಿಯಂತೆ. ಚಳಿಗಾಲ ಬಂದರೆ ಆರೋಗ್ಯವಾಗಿರುವ ಹಾವೂ ತಿಂಗಳುಗಟ್ಟಲೆ ಬಾಯಿ ಮುಟ್ಟಿಸುವುದಿಲ್ಲ. 2007ರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬಾಲ್ ಪೈಥಾನ್ ಸೇರಿ ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಉಪವಾಸ ಇಟ್ಟು ನೋಡಿದ್ದಾರೆ. ಅವು ಮೈಯ ಖರ್ಚನ್ನು ಶೇಕಡಾ 72ರವರೆಗೂ ಇಳಿಸಿಕೊಂಡು ಕೂತವು. ಅಷ್ಟರ ಮೇಲೆ ಉದ್ದಕ್ಕೂ ಬೆಳೆದವು! ನಮ್ಮ ಮನೆಯವರು ಏಕಾದಶಿಯ ದಿನ ಮಧ್ಯಾಹ್ನ ಮೂರಕ್ಕೇ ಅವಲಕ್ಕಿ ಡಬ್ಬ ಹುಡುಕುವವರು. ಈ ಮಾತು ಕೇಳಿದ ಮೇಲೆ ನೂಡಲ್ ಬಗ್ಗೆ ಅವರಿಗೆ ಭಕ್ತಿಯೇ ಹುಟ್ಟಿತು.

ಆದರೂ ಉಪವಾಸಕ್ಕೆ ಕಾರಣ ಹುಡುಕಬೇಕು ಎಂದು ವೈದ್ಯೆ ಒಂದೊಂದಾಗಿ ಕೇಳುತ್ತಾ ಹೋದರು. ಕಣ್ಣು ಹಾಲುಗಟ್ಟಿದೆಯೇ? ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿ ನೀಲಿಗಟ್ಟುತ್ತದೆ, ಆಗ ಹಾವು ತಿನ್ನುವುದಿಲ್ಲ. ಇಲ್ಲ, ಕಣ್ಣು ಕಪ್ಪಗೆ ಫಳಫಳ ಇತ್ತು. ಪೆಟ್ಟಿಗೆಯ ಬಿಸಿ ತುದಿ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತಂಪು ತುದಿ 26ರ ಹತ್ತಿರ ಇದೆಯೇ? ಮೈ ಬೆಚ್ಚಗಿಲ್ಲದಿದ್ದರೆ ಹಾವಿಗೆ ತಿಂದದ್ದು ಅರಗುವುದಿಲ್ಲ, ಅದಕ್ಕೆ ಗೊತ್ತಿರುವುದರಿಂದ ತಿನ್ನುವುದೇ ಇಲ್ಲ. ತೇವಾಂಶ ಶೇಕಡಾ 60 ಇದೆಯೇ? ಇಲ್ಲಿ ಸ್ವಲ್ಪ ಎಡವಟ್ಟಾಗಿತ್ತು. ಅಮೆರಿಕದ ಚಳಿಗಾಲದಲ್ಲಿ ಮನೆಯ ಹೀಟರು ಗಾಳಿಯ ಪಸೆಯನ್ನೆಲ್ಲ ಹೀರುತ್ತದೆ. ನನ್ನ ತುಟಿಯೇ ಒಡೆದಿತ್ತು, ಆಫ್ರಿಕದ ಹಾವಿನ ಪಾಡೇನು. ಅಡಗಿ ಕೂರುವ ಗೂಡು ಎರಡಿದೆಯೇ, ಮೈಗೆ ಒತ್ತುವಷ್ಟು ಇಕ್ಕಟ್ಟಾಗಿದೆಯೇ? ಇದೆ.

"ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಗಿದೆಯೇ?"

ಮಗಳು ಅಳಿಯನ ಮುಖ ನೋಡಿದಳು. ಅಳಿಯ ನೆಲ ನೋಡಿದ. ಮೊಮ್ಮಗ ನೇರವಾಗಿ ನಮ್ಮಿಬ್ಬರ ಕಡೆ ನೋಡಿದ.

ನೂಡಲ್ ಇದ್ದದ್ದು ಅತಿಥಿಗಳ ಕೋಣೆಯಲ್ಲಿ. ಕತ್ತಲೆ, ನಿಶ್ಶಬ್ದ, ಬಾಗಿಲು ಸದಾ ಮುಚ್ಚಿರುತ್ತಿತ್ತು. ಅತ್ತೆ ಮಾವ ಬರುತ್ತಾರೆ, ಹಾವಿನ ಜೊತೆ ಮಲಗಿಸುವುದು ಹೇಗೆ ಎಂದು ಅಳಿಯ ಮರ್ಯಾದೆಯಿಂದ ಅದರ ಪೆಟ್ಟಿಗೆಯನ್ನು ನಡುಮನೆಗೆ, ಟಿವಿಯ ಪಕ್ಕಕ್ಕೆ ಸರಿಸಿದ್ದ. ಆ ಟಿವಿಯಲ್ಲಿ ಇವರು ಬೆಳಗ್ಗೆ ಎದ್ದರೆ ಯಕ್ಷಗಾನ, ರಾತ್ರಿ ಮಲಗುವವರೆಗೆ ಕನ್ನಡ ಧಾರಾವಾಹಿ. ಹಾವಿಗೆ ನಮ್ಮಂತೆ ಹೊರಕಿವಿ ಇಲ್ಲದಿದ್ದರೂ ನೆಲದ ಅದುರು ತಿಳಿಯುತ್ತದೆ. ಚಂಡೆಯ ಪೆಟ್ಟು ಒಂದೊಂದೂ ಅದರ ದವಡೆಗೆ ಮುಟ್ಟಿರಬೇಕು. ಸಾಲದ್ದಕ್ಕೆ ಕೂತವರೆಲ್ಲ ಗಾಜಿನ ಹತ್ತಿರ ಮುಖ ತಂದು ಬಗ್ಗಿ ನೋಡುವುದು ಬೇರೆ. ಹೊಸ ಜಾಗ, ಗದ್ದಲ, ಓಡಾಟ, ಇವು ಮೂರು ಸಾಕು ಈ ಹಾವು ಊಟ ಬಿಡುವುದಕ್ಕೆ ಎಂದರು ವೈದ್ಯೆ. ಒಂದೆರಡು ವಾರ ಯಾರೂ ಮುಟ್ಟಬೇಡಿ, ತೋರಿಸಬೇಡಿ, ಹಳೆಯ ಜಾಗಕ್ಕೆ ಇಡಿ, ಆಮೇಲೆ ರಾತ್ರಿ ಹೊತ್ತು ಒಂದೇ ಸಲ ಕೊಟ್ಟು ನೋಡಿ. ಔಷಧಿಯಿಲ್ಲ, ಇಂಜಕ್ಷನ್ನಿಲ್ಲ. ಫೀಸು ಎಷ್ಟೆಂದು ಅಳಿಯ ನನಗೆ ಇವತ್ತಿಗೂ ಹೇಳಿಲ್ಲ.

ನಾವು ಸೋಫಾದಲ್ಲಿ ಮಲಗುತ್ತೇವೆ ಎಂದರೆ ಮಗಳು ಒಪ್ಪಲಿಲ್ಲ. ಸೊಂಟ ನೋವಿನ ಇವರು ಮೊದಲೇ ಒಪ್ಪುವವರಲ್ಲ. ಹಾಗಾಗಿ ನೂಡಲ್ ತನ್ನ ಕೋಣೆಗೆ ವಾಪಸು ಬಂತು, ನಾವು ಇದ್ದಲ್ಲೇ ಇದ್ದೆವು. ಪೆಟ್ಟಿಗೆಯ ಮೂರು ಬದಿಗೆ ಕಪ್ಪು ಬಟ್ಟೆ ಹೊದಿಸಿ, ತೊಗಟೆಯ ಚೂರಿಗೆ ನೀರು ಚಿಮುಕಿಸಿ, ಬೀಗ ಹಾಕಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಮೊದಲ ರಾತ್ರಿ ನಾನು ದೀಪ ಆರಿಸಬೇಡಿ ಎಂದೆ. ಆರಿಸಲೇಬೇಕು, ಹಾವಿಗೆ ಕತ್ತಲೆ ಬೇಕು ಎಂದ ಮೊಮ್ಮಗ. ಮಧ್ಯರಾತ್ರಿ ಸರಸರ ಸದ್ದಾಯಿತು. ಇವರನ್ನು ಎಬ್ಬಿಸಿದೆ. "ಅದು ಒಳಗಿದೆ, ನೀನು ಹೊರಗಿದ್ದೀಯ, ಮಲಗು" ಎಂದು ಮಗ್ಗುಲು ಬದಲಿಸಿ ಗೊರಕೆ ಹೊಡೆಯತೊಡಗಿದರು. ಆ ಗೊರಕೆಯ ಅದುರಿಗೆ ಹಾವು ಇನ್ನೊಂದು ತಿಂಗಳು ಉಪವಾಸ ಬಿದ್ದೀತು ಎಂಬ ಭಯ ನನಗೆ.

ಬೀಳಲಿಲ್ಲ. ವೈದ್ಯೆ ಹೇಳಿದ ಗಡುವು ಮುಗಿದ ಮೇಲೆ ಒಂದು ರಾತ್ರಿ ಅಳಿಯ ಇಕ್ಕಳ ಹಿಡಿದು ಬಂದ. ಮಂದ ಕೆಂಪು ಬೆಳಕು. ನಾನು ಬಾಗಿಲ ಸಂದಿಯಲ್ಲಿ. ನೂಡಲ್‌ನ ತಲೆ ಗೂಡಿನ ಬಾಯಿಗೆ ಬಂತು. ನಾಲಗೆ ಬೇಗ ಬೇಗ ಆಡಿ, ಆಮೇಲೆ ನಿಧಾನವಾಯಿತು. ಕತ್ತು ಹಿಂದಕ್ಕೆ ಮಡಿಚಿಕೊಂಡಿತು. ಹಾರಿದ್ದು ನನಗೆ ಕಾಣಲೇ ಇಲ್ಲ. ಕಣ್ಣು ಮಿಟುಕಿಸಿ ನೋಡುವಾಗ ಇಲಿಯ ಸುತ್ತ ಮೂರು ಸುತ್ತು ಬಿದ್ದಿತ್ತು. ಎಂದೋ ಸತ್ತ ಇಲಿಯನ್ನು ಅದು ಶಾಸ್ತ್ರೋಕ್ತವಾಗಿ ಬಹಳ ಹೊತ್ತು ಹಿಸುಕಿತು. ಬಿಟ್ಟು, ಮೂತಿಯಿಂದ ತಡಕಿ ತಡಕಿ ತಲೆ ಯಾವ ಕಡೆ ಎಂದು ಹುಡುಕಿ, ಅಲ್ಲಿಂದ ಶುರು ಮಾಡಿತು. ಎಡದವಡೆ ಒಂದು ಹೆಜ್ಜೆ, ಬಲದವಡೆ ಒಂದು ಹೆಜ್ಜೆ. ಬಾಲವೂ ಒಳಗೆ ಹೋದ ಮೇಲೆ ಬಾಯಿ ಅಗಲಿಸಿ ಆಕಳಿಸಿ, ದವಡೆ ಸರಿಪಡಿಸಿಕೊಂಡಿತು. ಹೊಟ್ಟೆ ತುಂಬಾ ತಣ್ಣಗಾದದ್ದು ನನಗೆ.

"ಇನ್ನೊಂದು ಇದ್ದರೆ ಹಾಕೋ, ಪಾಪ" ಎಂದೆ ತಡೆಯಲಾರದೆ.

"ಅಜ್ಜೀ!" ಎಂದ ಮೊಮ್ಮಗ. ಎರಡು ದಿನ ಯಾರೂ ಅದನ್ನು ಎತ್ತುವ ಹಾಗೂ ಇಲ್ಲ, ಕಕ್ಕಿಬಿಡುತ್ತದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ.

ಊರಿಗೆ ಬಂದ ಮೇಲೆ ಈ ಕಥೆ ಕೇಳಿದ ಭಾವನ ಮೊಮ್ಮಗ ತನಗೂ ಒಂದು ಹಾವು ಬೇಕು ಎಂದು ಹಟ ಹಿಡಿದಿದ್ದಾನೆ. ನಮ್ಮ ನೆಲದ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಾಲ್ ಪೈಥಾನಿನಂಥ ಪರದೇಶದ ಹಾವಿಗೂ ಈಗ ಸರ್ಕಾರದ ನೋಂದಣಿ ಬೇಕು. 2023ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಪೆಟ್ಟಿಗೆಯಲ್ಲಿ 55 ಬಾಲ್ ಪೈಥಾನ್ ಸಿಕ್ಕಿದ್ದವು. ಅವುಗಳಿಗೆ ದಾರಿಯಲ್ಲಿ ಯಾರು ಕತ್ತಲೆ ಮಾಡಿಕೊಟ್ಟರು, ಯಾರು ಬೆಚ್ಚಗಿಟ್ಟರು ಎಂದು ಹುಡುಗನಿಗೆ ಕೇಳಿದ್ದೇನೆ. ಸದ್ಯಕ್ಕೆ ಮೊಲಕ್ಕೆ ಇಳಿದಿದ್ದಾನೆ.

ಓದುವವರಲ್ಲಿ ಒಂದೇ ಬಿನ್ನಹ. ನಾಗರಪಂಚಮಿಯ ದಿನ ಬುಟ್ಟಿಯ ಹಾವು ಹಾಲಿಗೆ ಬಾಯಿ ಹಾಕಿತು ಎಂದರೆ, ಅದಕ್ಕೆ ದಿನಗಟ್ಟಲೆ ನೀರು ಕೊಟ್ಟಿಲ್ಲ ಎಂದು ತಿಳಿಯಿರಿ. ಅದಕ್ಕೆ ಎರೆಯಬೇಡಿ, ಹಾವಾಡಿಗನಿಗೆ ದುಡ್ಡೂ ಕೊಡಬೇಡಿ, ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. ಹಾಲನ್ನು ನಾಗರಕಲ್ಲಿಗೆ ಎರೆಯಿರಿ. ಕಲ್ಲಿಗೆ ಅಜೀರ್ಣದ ಭಯವಿಲ್ಲ.