ಸತ್ತ ಮೇಲೆ ಬರುವ ಬಿರುದು

ಜಪಾನಿನ ಯಾವ ಕೊಟ್ಟಿಗೆ ಹೊಕ್ಕು ಹುಡುಕಿದರೂ ಜೀವಂತ ‘ಕೋಬೆ ದನ’ ಒಂದೂ ಸಿಗುವುದಿಲ್ಲ. ಅಲ್ಲಿ ಮೆಲುಕು ಹಾಕುತ್ತ ನಿಂತಿರುವುದು ಬರೀ ತಜಿಮಾ ತಳಿಯ ದನ. ಕೋಬೆ ಎಂಬ ದುಬಾರಿ ಮಾಂಸ ಎನ್ನಿಸಿಕೊಳ್ಳಬೇಕಾದರೆ ಮೊದಲು ಸಾಯಬೇಕು. ಸತ್ತರೂ ಸಾಲದು, ಆಮೇಲೊಂದು ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಸಾಹಿತಿಗಳಿಗೆ ಮರಣೋತ್ತರ ಪ್ರಶಸ್ತಿ ಕೊಡುವಾಗಲೂ ಇಷ್ಟು ಬಿಗಿ ಇಲ್ಲ.

ನಿಯಮಾವಳಿ ಓದಿದರೆ ಸರ್ಕಾರಿ ನೌಕರಿಯ ಅರ್ಜಿ ನೆನಪಾಗುತ್ತದೆ. ಹ್ಯೋಗೊ ಪ್ರಾಂತ್ಯದಲ್ಲೇ ಹುಟ್ಟಬೇಕು, ಅಲ್ಲೇ ಬೆಳೆಯಬೇಕು, ಅಲ್ಲಿನ ಕಸಾಯಿಖಾನೆಯಲ್ಲೇ ಪ್ರಾಣ ಬಿಡಬೇಕು. ಬೀಜ ಒಡೆದ ಹೋರಿಯಾಗಿರಬೇಕು, ಇಲ್ಲವೇ ಕರು ಹಾಕದ ಕಡಸಾಗಿರಬೇಕು. ಹಾಲು ಕುಡಿಯುವ ವಯಸ್ಸಿನಲ್ಲೇ ಮೂಗಿಗೆ ಶಾಯಿ ಬಳಿದು ಕಾಗದಕ್ಕೆ ಒತ್ತಿಸಿಕೊಳ್ಳುತ್ತಾರೆ. ನಮ್ಮ ಹೆಬ್ಬೆಟ್ಟಿನಂತೆ ಒಂದು ದನದ ಮೂಗಿನ ಗೆರೆ ಇನ್ನೊಂದಕ್ಕಿರುವುದಿಲ್ಲ. ಇದರ ಮೇಲೆ ಕಿವಿಯಲ್ಲಿ ಹತ್ತಂಕಿಯ ಸಂಖ್ಯೆ. 2001ರಲ್ಲಿ ಹುಚ್ಚುಹಸು ರೋಗ ಕಾಣಿಸಿಕೊಂಡು ಜನ ಹೌಹಾರಿದ್ದರಿಂದ 2003ರಲ್ಲಿ ಬಂದ ಕಾನೂನು ಅದು. ಆ ಸಂಖ್ಯೆ ಒತ್ತಿದರೆ ದನ ಹುಟ್ಟಿದ ದಿನ, ಬೆಳೆದ ಊರು, ತಾಯಿಯ ಸಂಖ್ಯೆ, ಕೊಂದ ದಿನ ಎಲ್ಲವೂ ಹಾಜರು. ತಿನ್ನುವವನಿಗೆ ತನ್ನ ಮುತ್ತಜ್ಜನ ಹೆಸರು ಗೊತ್ತಿರಲಿಕ್ಕಿಲ್ಲ, ತಟ್ಟೆಯಲ್ಲಿರುವುದರ ತಾಯಿ ಯಾರೆಂದು ಗೊತ್ತು.

ವಂಶಾವಳಿಯನ್ನು ಮಾತ್ರ ತೀರಾ ಕೆದಕಬಾರದು. 1939ರಲ್ಲಿ ಹುಟ್ಟಿದ ತಜಿರಿ ಎಂಬ ಒಂದೇ ಹೋರಿಯ ರಕ್ತ ಜಪಾನಿನ ಕಪ್ಪು ತಳಿಯ ತಾಯಿಹಸುಗಳಲ್ಲಿ ಶೇಕಡಾ 99.9ಕ್ಕೆ ಹರಿದಿದೆ. ನಮ್ಮ ಜೋಯಿಸರನ್ನು ಕೂರಿಸಿದರೆ ‘ಸಗೋತ್ರ’ ಎಂದು ಪಂಚಾಂಗ ಮಡಚಿ ಎದ್ದುಹೋದಾರು.

ಇನ್ನು ಆರೈಕೆ. ದಿನಾ ಮಾಲೀಸು, ಕುಡಿಯಲು ಬಿಯರ್, ಕೇಳಲು ಮೊಝಾರ್ಟ್ ಎಂಬ ಕಥೆ ಜಗತ್ತನ್ನೆಲ್ಲ ಸುತ್ತಿದೆ. ಬೇಸಿಗೆಯಲ್ಲಿ ಹಸಿವು ಸತ್ತ ದನಕ್ಕೆ ಯಾರೋ ಬಿಯರ್ ಕುಡಿಸಿದ್ದುಂಟು, ಅದೇ ಬೆಳೆದು ರಾಜೋಪಚಾರವಾಯಿತು. ನಿಜವಾದ ಗುಟ್ಟನ್ನು ಹೋಟೆಲಿನ ಮೆನುವಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಲಿ ಎಂದು ಕೊಬ್ಬಿಸುವ ಕಾಲದಲ್ಲಿ ‘ಎ’ ಜೀವಸತ್ವವನ್ನು ಬೇಕೆಂದೇ ಕಡಿತ ಮಾಡುತ್ತಾರೆ. ಅದಕ್ಕೇ ಹಸಿರು ಹುಲ್ಲು ಬಂದ್, ಒಣಗಿದ ಭತ್ತದ ಹುಲ್ಲು ಮತ್ತು ಧಾನ್ಯದ ಹಿಂಡಿ ಚಾಲೂ. ಲೆಕ್ಕ ತುಸು ತಪ್ಪಿದರೆ ದನಕ್ಕೆ ಇರುಳುಗಣ್ಣು, ಇನ್ನೂ ತಪ್ಪಿದರೆ ಪೂರ್ತಿ ಕುರುಡು. ಮೊಝಾರ್ಟ್ ಕೇಳಿಸಲು ಕಣ್ಣು ಬೇಕಿಲ್ಲ, ಅದೂ ಸರಿಯೇ. ಆ ಹಿಂಡಿಗೆ ಹೋಗುವ ಮೆಕ್ಕೆಜೋಳ ಹೆಚ್ಚೂಕಮ್ಮಿ ಪೂರಾ ಹೊರದೇಶದ್ದು. ಪ್ರಾಂತ್ಯದ ಗಡಿಯಾಚೆ ಸತ್ತ ದನ ಅನರ್ಹ, ಹಡಗು ಹತ್ತಿ ಬಂದ ಜೋಳ ಅಪ್ಪಟ ಸ್ಥಳೀಯ.

ಕೊನೆಗೆ ಪರೀಕ್ಷೆ. ಆರನೇ ಮತ್ತು ಏಳನೇ ಪಕ್ಕೆಲುಬಿನ ನಡುವೆ ಕೊಯ್ದು, ಟಾರ್ಚ್ ಬಿಟ್ಟು, ಕೊಬ್ಬಿನ ಬಿಳಿ ಗೆರೆಗಳನ್ನು ಮಾದರಿ ಚಿತ್ರದೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಹನ್ನೆರಡಕ್ಕೆ ಆರಾದರೂ ಬರಬೇಕು. ಬಂದರೆ ಮೈಮೇಲೆ ಕಾಡುಸೇವಂತಿಗೆಯ ಮುದ್ರೆ. ಐದು ಬಂದರೆ? ಅದೇ ತಾಯಿ, ಅದೇ ಕೊಟ್ಟಿಗೆ, ಅದೇ ಹುಲ್ಲು, ಆದರೆ ಬಿರುದಿಲ್ಲ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋಣವೆಂದರೆ ಅಭ್ಯರ್ಥಿಯೇ ಇಲ್ಲ.

ಇಷ್ಟೆಲ್ಲ ಮಡಿ ಸಮುದ್ರದ ಈಚೆಗೆ. ಆಚೆ, ಅಮೆರಿಕದ ಒಂದು ಹೋಟೆಲಿನ ಮೆನುವಿನಲ್ಲಿ ‘ಕೋಬೆ’ ಎಂದು ಓದಿ ಮೆಚ್ಚಿದ ದಂಪತಿ 1978ರಲ್ಲಿ ಹುಟ್ಟಿದ ಮಗನಿಗೆ ಅದನ್ನೇ ಹೆಸರಿಟ್ಟರು. ಅವನೇ ಬ್ಯಾಸ್ಕೆಟ್‌ಬಾಲ್‌ನ ಕೋಬೆ ಬ್ರಯಂಟ್. ಕೋಬೆ ಮಾಂಸದ ಅಧಿಕೃತ ರಫ್ತು ಶುರುವಾದದ್ದು 2012ರಲ್ಲಿ! ಅಲ್ಲಿಯವರೆಗೆ ಕೋಬೆ ಬರ್ಗರ್ ತಿಂದು ‘ಆಹಾ, ಬಾಯಲ್ಲಿ ಕರಗಿತು’ ಎಂದವರ ಬಾಯಲ್ಲಿ ಕರಗಿದ್ದು ಯಾವ ದನವೋ, ಅದಕ್ಕೆ ಮೂಗಿನ ದಾಖಲೆಯಿಲ್ಲ.

ಇಂಥ ದುಬಾರಿ ಸರಕಿಗೂ ಕೆಟ್ಟ ಕಾಲ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಹೋಟೆಲುಗಳು ಬಣಗುಟ್ಟಿ ಮಾಂಸ ಬಿಕರಿಯಾಗದೆ ಉಳಿದಾಗ, ಆಳುವ ಪಕ್ಷದ ಕೃಷಿ ಬಣಕ್ಕೆ ಒಂದು ಉಪಾಯ ಹೊಳೆಯಿತು: ಸಂಕಷ್ಟದಲ್ಲಿರುವ ಪ್ರಜೆಗಳಿಗೆ ವಾಗ್ಯೂ, ಅಂದರೆ ಜಪಾನೀ ತಳಿಯ ದನದ ಮಾಂಸದ ಕೂಪನ್ ಹಂಚೋಣ. ಕೇಳಿದ್ದೇ ತಡ, ಮೀನುಗಾರಿಕೆ ಬಣದವರು ಎದ್ದು ನಿಂತು ಹಾಗಾದರೆ ಮೀನಿಗೂ ಕೂಪನ್ ಬೇಕೆಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸರ್ಕಾರ ತಲೆಗೆ ಒಂದು ಲಕ್ಷ ಯೆನ್ ನಗದು ಕೊಟ್ಟಿತು, ಅದನ್ನು ಪಡೆಯಲು ಯಾರೂ ಹ್ಯೋಗೊದಲ್ಲಿ ಸಾಯಬೇಕಾಗಿರಲಿಲ್ಲ.