ಕಿರುಬೆರಳಿಗೆ ಶೇ 7

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ದರ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು. ಕೂಲಿಯವನ ಬೆರಳಿನ ದರಕ್ಕೆ ಆ ಚಂಚಲ ಬುದ್ಧಿಯಿಲ್ಲ. ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಮೂಳೆ ಉಳಿದು ಕಿರುಬೆರಳ ತುದಿಯಷ್ಟೇ ಹಾರಿದ್ದರೆ 2. 1923ರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಕೂತಿದ್ದ ಈ ದರಪಟ್ಟಿ, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಕ್ಕೂ ಗಂಟುಮೂಟೆ ಸಮೇತ ನಡೆದುಬಂದಿದೆ.

ಮಾಲೂರಿನಲ್ಲಿ ಇಎಸ್‌ಐ ಇಲ್ಲದ ಒಬ್ಬ ಮೂವತ್ತರ ಹುಡುಗನ ತೋರುಬೆರಳು ಪ್ರೆಸ್ ಮಷಿನ್ ಪಾಲಾಯಿತೆನ್ನಿ. ಸಂಬಳ ಎಷ್ಟೇ ಇರಲಿ, 2020ರ ಅಧಿಸೂಚನೆಯ ಪ್ರಕಾರ ಲೆಕ್ಕಕ್ಕೆ 15 ಸಾವಿರ ದಾಟುವಂತಿಲ್ಲ. ಅದರ ಶೇ 60 ತೆಗೆದು, ವಯಸ್ಸಿನ ಗುಣಕ 207.98ರಿಂದ ಗುಣಿಸಿ, ಬಂದದ್ದರಲ್ಲಿ ಶೇ 14 ಹಿಡಿದರೆ 2,62,055 ರೂಪಾಯಿ. ಬೆರಳಿನ ಲೆಕ್ಕ ಪೈಸೆಗೆ ಪೈಸೆ ಪಕ್ಕಾ. ಬೆರಳಿನ ಹಿಂದಿರುವ ಆಳು ಯಾರ ಕಡೆಯವನು ಅನ್ನುವುದೇ ತಗಾದೆ.

"ನಮ್ಮ ರೋಲ್‌ನಲ್ಲಿ ಇಲ್ಲ ಸಾರ್, ಕಾಂಟ್ರಾಕ್ಟರ್ ಕಡೆಯವನು" ಅನ್ನುತ್ತಾರೆ ಎಚ್‌ಆರ್‌ನವರು. "ನಾನು ಆಳು ಕಳ್ಸೋನು ಅಷ್ಟೇ ಸಾರ್" ಅನ್ನುತ್ತಾನೆ ಕಾಂಟ್ರಾಕ್ಟರು. ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಹಳೇ ಕಾಯ್ದೆಯ 12ನೇ ಕಲಮು ಹೇಳಿತ್ತು. ತಿಂಗಳು ದಾಟಿದರೆ ಶೇ 12 ಬಡ್ಡಿ, ಸಕಾರಣವಿಲ್ಲದೆ ಸತಾಯಿಸಿದರೆ ಶೇ 50ರವರೆಗೆ ದಂಡ. ಇದೆಲ್ಲ ಬಲ್ಲವರು ಕಂಪನಿಯ ವಕೀಲರು. ಹಾಗಾಗಿ ಸೆಟ್ಲ್‌ಮೆಂಟು ಗೇಟಿನ ಹತ್ತಿರವೇ ಮುಗಿಯುತ್ತದೆ: ಒಂದಿಷ್ಟು ನೋಟು, ಒಂದು ಖಾಲಿ ಹಾಳೆ. ಸಹಿ ಹಾಕಲು ಬೆರಳಿಲ್ಲವೇ? ಹೆಬ್ಬೆಟ್ಟು ಉಳಿದಿದೆಯಲ್ಲ, ಒತ್ತಪ್ಪ. ಹಕ್ಕು ಬಿಟ್ಟುಕೊಟ್ಟೆನೆಂಬ ಅಂಥ ಕರಾರು ಅಸಿಂಧು ಎಂದು 17ನೇ ಕಲಮು ಇತ್ತು. ಪಾಪ, ಕಲಮಿಗೆ ಗೇಟ್ ಪಾಸ್ ಸಿಕ್ಕಿರಲಿಲ್ಲ.

ಹಟ ಹಿಡಿದು ಕೋರ್ಟಿಗೆ ಹೋದವರು ಗೆದ್ದದ್ದೂ ಉಂಟು. ಮೊಣಕೈ ಮೇಲಕ್ಕೆ ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಕೇಸಿನಲ್ಲಿ, ಒಂಟಿ ಕೈಯಲ್ಲಿ ಮರಗೆಲಸ ಆಗದು, ನಷ್ಟ ನೂರಕ್ಕೆ ನೂರು ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಒಪ್ಪಿತು. ಕೈ ಹೋಗಿದ್ದು 1968ರಲ್ಲಿ.

ಶ್ರೀನಿವಾಸಪುರದ ಮಾವಿನ ತೋಪಿನದು ಇನ್ನೂ ಸೊಗಸು. 1923ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮರ ಕಡಿಯುವವನಿದ್ದ, ತಾಳೆ ಮರ ಕೆತ್ತಿ ರಸ ಇಳಿಸುವವನಿದ್ದ, ಆನೆ ಹಿಡಿಯುವವನೂ ಇದ್ದ. ಮಾವಿನಕಾಯಿ ಕೀಳುವವನ ಹೆಸರಿರಲಿಲ್ಲ. ತೋಟಗಾರಿಕೆ ಎಂಬ ಮಾತೇನೋ ಇತ್ತು, ಆದರೆ ಟ್ರ್ಯಾಕ್ಟರು, ಕರೆಂಟಿನ ಯಂತ್ರಗಳ ಬಾಲ ಕಟ್ಟಿಕೊಂಡು. ಕೊಂಬೆಗೆ ಮೋಟರು ಕೂರಿಸಿ ಹತ್ತಿದ್ದೆಯೇನಯ್ಯಾ ಎಂದು ಎದುರು ವಕೀಲರು ಕೇಳಿದರೆ ಅವರ ತಪ್ಪೇನಿದೆ?

ಮುಳಬಾಗಿಲು ಕಡೆಯಿಂದ ಕಾಯಿ ಕೀಳಲು ಬರುವ ಅಣ್ಣಂದಿರಿಗೆ ಒಂದು ಪುಕ್ಕಟೆ ಸಲಹೆ: ಬೀಳುವುದೇ ಆದರೆ ಮರ ಕಡಿಯುವಾಗ ಬೀಳಿ. ಅದೂ ಆಗದಿದ್ದರೆ ತಮಿಳುನಾಡಿನ ಕಾಡಿನಿಂದ ಮಾಲೂರು ಕಡೆಗೆ ಆನೆ ಬಂದಾಗ ಹಗ್ಗ ಹಿಡಿದು ಓಡಿ. ಹೋಗುವ ಮುಂಚೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಿ. ಇಲ್ಲದಿದ್ದರೆ ಆನೆಯೂ ಕಾಂಟ್ರಾಕ್ಟರ್ ಕಡೆಯದ್ದು ಅಂದುಬಿಟ್ಟಾರು.